ಕಾಲುವೆ ಹೊಲದ ಊಟ

ಸುಟ್ಟ ವಾಸನೆಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಶಹಾಪುರದಲ್ಲಿ ಸುರಪುರ ರಸ್ತೆಗೆ ಮುಖ ಮಾಡಿ ನಮ್ಮ ಅಂಗಡಿ ಇದೆ. ಅಬ್ಬಾ ಶುರು ಮಾಡಿದ್ದು, ಈಗ ನಾನು ನಡೆಸುತ್ತಿದ್ದೇನೆ. ರೈತರ ನೀರಿನ ಮೋಟಾರು ಸುಟ್ಟರೆ ಹೊಸ ತಂತಿ ಸುತ್ತಿಕೊಡುತ್ತೇವೆ. ಹೆಂಗಸು ಮೋಟಾರು ಬಿಚ್ಚುವುದನ್ನು ನೋಡಲಿಕ್ಕೆಂದೇ ಮೊದಮೊದಲು ಕೆಲವರು ಸರಿಯಿದ್ದ ಮೋಟಾರನ್ನೂ ಹೊತ್ತು ತರುತ್ತಿದ್ದರು. ಈಗ ಅವರಿಗೂ ನನಗೂ ಅಭ್ಯಾಸವಾಗಿದೆ. ಸುಟ್ಟ ವಾರ್ನಿಶ್ ಯಾವುದು, ಸುಟ್ಟ ರಬ್ಬರ್ ಯಾವುದು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆದರೆ ಕಳೆದ ತಿಂಗಳು ಒಂದು ಮಧ್ಯಾಹ್ನ ಅಂಗಡಿಯೊಳಗೆ ಬಂದ ವಾಸನೆ ಇವು ಯಾವುದೂ ಅಲ್ಲ. ದಪ್ಪ ಪ್ಲಾಸ್ಟಿಕ್ಕೂ ಡಾಂಬರೂ ಒಟ್ಟಿಗೆ ಕಾದ ಹಾಗಿನ, ಗಂಟಲಲ್ಲಿ ಕೂತುಬಿಡುವ ವಾಸನೆ. ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟು ತಲೆ ಎತ್ತಿದೆ.

“ಏನ್ ನಸೀಮಾ, ಗುರ್ತು ಸಿಗಲಿಲ್ಲೇನು?”

ಪಾಟೀಲ ಸರ್, ಗ್ಯಾಸ್ ಪೈಪಿನ ಕಂಪನಿಯಲ್ಲಿ ಒಂದು ಕಾಲಕ್ಕೆ ನನ್ನ ಮೇಲಧಿಕಾರಿ. ಮೀಸೆ ಬೆಳ್ಳಗಾಗಿತ್ತು, ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು, ಮೈಮೇಲೆ ಅದೇ ಕಿತ್ತಳೆ ಬಣ್ಣದ ಕೋಟು. ವಾಸನೆ ಬರುತ್ತಿದ್ದದ್ದು ಕೋಟಿನಿಂದ. ಎರಡು ಉಕ್ಕಿನ ಪೈಪುಗಳನ್ನು ಬೆಸೆದ ಮೇಲೆ, ಆ ಜಾಗ ನೆಲದೊಳಗೆ ತುಕ್ಕು ಹಿಡಿಯಬಾರದೆಂದು ದಪ್ಪ ಪ್ಲಾಸ್ಟಿಕ್ಕಿನ ಪಟ್ಟಿ ಸುತ್ತಿ ಬೆಂಕಿ ಹಿಡಿದು ಕಾಯಿಸಿ ಅಂಟಿಸುತ್ತಾರೆ. ಒಂದಿಡೀ ಚಳಿಗಾಲ ಆ ವಾಸನೆ ನನ್ನ ದುಪಟ್ಟಾದಲ್ಲಿ, ಕೂದಲಲ್ಲಿ, ಊಟದ ಡಬ್ಬಿಯಲ್ಲಿ ಇತ್ತು. ಆಗ ಅದು ನನಗೆ ಇಷ್ಟವಾಗುತ್ತಿತ್ತು ಎಂದರೆ ಈಗ ನನಗೇ ನಂಬಿಕೆ ಬರುವುದಿಲ್ಲ.

ಕೂರಿ ಅನ್ನುವ ಮೊದಲೇ ಅವರು ಸ್ಟೂಲು ಎಳೆದುಕೊಂಡು ಕೂತರು. ಅಬ್ಬಾನ ಆರೋಗ್ಯ ಕೇಳಿದರು, ಅಂಗಡಿ ಚೆನ್ನಾಗಿದೆ ಅಂದರು. ಆಮೇಲೆ ವಿಷಯಕ್ಕೆ ಬಂದರು.

“ಎರಡನೇ ಲೈನ್ ಬರಾಕತ್ತೈತಿ, ನಸೀಮಾ. ಅದೇ ಪಟ್ಟಿಯೊಳಗ, ಮೊದಲಿನ ಪೈಪಿನ ಬಾಜೂಕ. ಕರೆಂಟಿನ ಕಾರ್ಖಾನಿಗೆ ಇನ್ನಾ ಗ್ಯಾಸ್ ಬೇಕಂತ. ಎಲ್ಲಾರೂ ಒಪ್ಯಾರ. ದೇವಮ್ಮ ಒಬ್ಬಾಕಿ ನಮ್ಮ ಹುಡುಗರನ್ನ ಹೊಲದೊಳಗ ಕಾಲ ಇಡಾಕ ಬಿಡವಲ್ಲಳು. ನೀ ಒಂದ ಮಾತ ಹೇಳು. ನಿನ್ನ ಮಾತ ಕೇಳತಾಳ ಆಕಿ.”

ನನಗೆ ನಗು ಬಂತು. ಸಿಟ್ಟಿನ ನಗು. ಇಷ್ಟು ವರ್ಷ ಈ ಮನುಷ್ಯನನ್ನು ನಾನು ಎಷ್ಟು ಸಲ ಮನಸ್ಸಿನಲ್ಲೇ ನಿಲ್ಲಿಸಿ ಬೈದಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಇವರೋ, ದೇವಮ್ಮ ನನ್ನ ಮುಖ ನೋಡುವುದನ್ನು ಬಿಟ್ಟು ಎಷ್ಟು ಕಾಲವಾಯಿತು ಎಂಬುದೇ ಗೊತ್ತಿಲ್ಲದೆ, ಚಹಾಕ್ಕೆ ಕಾಯುತ್ತ ಕೂತಿದ್ದರು. ಮುರಿದವರಿಗೆ ತಾವು ಏನು ಮುರಿದೆವು ಎಂಬುದಾದರೂ ಗೊತ್ತಿರಬೇಡವೇ?

ಮೊದಲನೇ ಪೈಪು ಬಂದ ವರ್ಷ ನಾನು ಕಲಬುರಗಿಯಲ್ಲಿ ಸಮಾಜಕಾರ್ಯದ ಓದು ಮುಗಿಸಿ ಮನೆಯಲ್ಲಿ ಕೂತಿದ್ದೆ. ದೂರದ ಸಮುದ್ರದ ಕಡೆಯಿಂದ ಬರುವ ದೊಡ್ಡ ಗ್ಯಾಸ್ ಪೈಪಿನಿಂದ ಕವಲು ತೆಗೆದು, ಒಂದನ್ನು ಯಾದಗಿರಿಯ ಕಡೆಗೆ, ಇನ್ನೊಂದನ್ನು ಶಹಾಪುರ ಸುರಪುರಗಳ ನಡುವೆ ಹಾಯಿಸಿ ಕೃಷ್ಣೆಯ ಕಡೆಗೆ ಒಯ್ಯುವ ಕೆಲಸ ಶುರುವಾಗಿತ್ತು. ಎರಡು ಕಡೆಯೂ ಗ್ಯಾಸಿನಿಂದ ಕರೆಂಟು ತೆಗೆಯುವ ಕಾರ್ಖಾನೆಗಳು ಏಳುತ್ತಿದ್ದವು. ಪೈಪು ಹೂಳುವ ಗುತ್ತಿಗೆ ಕಂಪನಿಗೆ ಹಳ್ಳಿಯ ಜನರ ಜೊತೆ ಮಾತಾಡಲು ಒಬ್ಬರು ಬೇಕಾಗಿತ್ತು. ದಖನಿ ಉರ್ದು ಬರುತ್ತದೆ, ಕನ್ನಡ ಬರುತ್ತದೆ, ಬಿಹಾರದ ಕೆಲಸಗಾರರೊಡನೆ ಹಿಂದಿಯೂ ನಡೆಯುತ್ತದೆ ಎಂದು ನನ್ನನ್ನು ತೆಗೆದುಕೊಂಡರು.

ಅಬ್ಬಾ ಮೋಟಾರಿನ ಹೊಟ್ಟೆಯಿಂದ ತಲೆ ಎತ್ತದೆ ಅಂದಿದ್ದರು: “ಕಾಮ್ ಮಿಲ್ಯಾ ಸೋ ಅಚ್ಛಾಚ್ ಹುವಾ. ಪನ್ ಕಿಸೀಕೋ ಜುಬಾನ್ ನಕ್ಕೋ ದೇ.” ಕೆಲಸ ಸಿಕ್ಕಿದ್ದು ಒಳ್ಳೆಯದೇ, ಆದರೆ ಯಾರಿಗೂ ಮಾತು ಕೊಡಬೇಡ. ಮಾತು ಕೊಡುವುದೇ ನನ್ನ ಕೆಲಸ ಅಬ್ಬಾ ಎಂದು ನಕ್ಕು ಹೊರಟಿದ್ದೆ.

ಪಾಟೀಲ ಸರ್ ಆ ಭಾಗದ ಮೇಲಧಿಕಾರಿ, ವಿಜಯಪುರದ ಕಡೆಯವರು. ನಕಾಶೆ ಓದುವುದನ್ನು, ಗದ್ದಲ ಮಾಡುವ ಗುಂಪಿನಲ್ಲಿ ಯಾರ ಜೊತೆ ಮೊದಲು ಮಾತಾಡಬೇಕೆಂಬುದನ್ನು ಕಲಿಸಿದ್ದು ಅವರೇ. ಮೊದಲ ವಾರವೇ ಒಬ್ಬ ಮೇಸ್ತ್ರಿ ನನ್ನೆದುರೇ ಗೊಣಗಿದ್ದ, “ಸಾಬರ ಹುಡುಗಿ, ಯಾವ ಊರಾಗ ಬಾಗಿಲ ತೆಗೀತಾರ್ರಿ ಈಕಿಗೆ?” ಸರ್ ತಿರುಗಿ, “ನಿನ್ನ ಕಳಿಸಿದ್ರ ನಾಯಿ ಬಿಡತಾರ. ಈಕಿನ್ನ ಕಳಿಸಿದ್ರ ಚಾ ಕೊಡತಾರ. ನಂಗ ಚಾ ಬೇಕು,” ಅಂದಿದ್ದರು. ಜೀಪಿನಲ್ಲಿ ಎಲ್ಲರೂ ನಕ್ಕರು. ಅವತ್ತಿನಿಂದ ಅವರು ಬಾವಿಗೆ ಹಾರು ಅಂದಿದ್ದರೆ ಎಷ್ಟು ಆಳವಿದೆ ಎಂದಷ್ಟೇ ಕೇಳುತ್ತಿದ್ದೆ.

ಅದು ಹತ್ತಿ ಬಿಡಿಸುವ ಕಾಲ. ಹತ್ತಿಯ ಲಾರಿಗಳು ಹಾದುಹೋದಲ್ಲೆಲ್ಲ ರಸ್ತೆ ಬದಿಯ ಜಾಲಿಮುಳ್ಳಿಗೆ ಬಿಳಿ ಎಳೆಗಳು ಸಿಕ್ಕಿಕೊಂಡಿರುತ್ತಿದ್ದವು. ಬೆಳಿಗ್ಗೆ ಕಾಲುವೆಯ ಮೇಲೆ ಮಂಜು, ಮಧ್ಯಾಹ್ನ ಚುರುಗುಡುವ ಬಿಸಿಲು, ಸಂಜೆ ಮತ್ತೆ ಗಡಗಡ ಚಳಿ. ಹೊಲಗಳ ನಡುವೆ ಪೈಪುಗಳನ್ನು ಒಂದರ ಹಿಂದೆ ಒಂದು ಮಲಗಿಸುತ್ತ ಬರುತ್ತಿದ್ದರು. ಅವು ನಾನೇ ಹೆತ್ತವೇನೋ ಎನ್ನುವಂತೆ ಬಂದವರಿಗೆಲ್ಲ ತೋರಿಸುತ್ತಿದ್ದೆ. ಏರಿಳಿತವಿಲ್ಲದ ಕರೆಂಟು ಬರುತ್ತದೆ, ಅಬ್ಬಾನ ಅಂಗಡಿಗೆ ಸುಟ್ಟ ಮೋಟಾರು ಬರುವುದೇ ನಿಂತುಹೋಗುತ್ತದೆ ಎಂದು ಮನೆಯಲ್ಲಿ ಜಂಬ ಕೊಚ್ಚಿಕೊಂಡೆ. ಆಮೇಲೆ ನಾವು ಏನು ತಿನ್ನೋದು ಎಂದು ಅಮ್ಮೀ ಕೇಳಿದಳು.

ವನದುರ್ಗದ ಕಡೆಗೆ ಹೋಗುವ ದಾರಿಯ ಒಂದು ಊರಿನಲ್ಲಿ ಕೆಲಸ ನಿಂತಿತು. ಊರಿನ ಹೆಸರು ಹೇಳುವುದಿಲ್ಲ, ದೇವಮ್ಮನಿಗೆ ಅದು ಹಿಡಿಸಲಿಕ್ಕಿಲ್ಲ. ಅವಳಿಗೆ ಎರಡು ಹೊಲ. ಒಂದು ಕಾಲುವೆಯ ಪಕ್ಕದ ಭತ್ತದ ಹೊಲ. ಇನ್ನೊಂದು, ಗುಡ್ಡದ ಆಚೆ ಮಗ್ಗುಲಿಗೆ, ಕರಿಮಣ್ಣಿನ ಜೋಳದ ಹೊಲ. ಪೈಪು ಹಾಯಬೇಕಾದದ್ದು ಜೋಳದ ಹೊಲದ ನಡುವೆ. ಅಕ್ಕಪಕ್ಕದವರ ಹೊಲಗಳಲ್ಲಿ ಆಗಲೇ ತಗ್ಗು ತೋಡಿ ಆಗಿತ್ತು, ಇವಳದೊಂದೇ ಮಧ್ಯೆ ಉಳಿದಿತ್ತು.

“ಬಸರಿ ಹೊಟ್ಟಿ ಮ್ಯಾಗ ಮಷಿನ್ ಹತ್ತಸ್ತೀರೇನು?” ಎಂದಳು ದೇವಮ್ಮ ಮೊದಲ ದಿನವೇ. ಸಣ್ಣ ಮೈ, ದೊಡ್ಡ ಗಂಟಲು. ಅರವತ್ತರ ಹತ್ತಿರದ ವಯಸ್ಸು. ಊರಿನವರೆಲ್ಲ ಕರೆಯುವಂತೆ ನಾನೂ ಅವಳನ್ನು ಆಯಿ ಎಂದು ಕರೆದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಸೀಗಿ ಹುಣ್ಣಿಮೆಯ ಹೊತ್ತಿಗೆ ಬಿತ್ತಿದ ಹೊಲ ಬಸಿರಾಗಿದೆ ಎಂದು ಭಾವಿಸುತ್ತಾರೆ. ಎಳ್ಳ ಅಮಾವಾಸ್ಯೆಯ ದಿನ ಆ ಬಸುರಿಗೆ ಬಯಕೆಯ ಊಟ. ಸಜ್ಜೆ ರೊಟ್ಟಿ, ಕಡುಬು, ಹತ್ತಾರು ಕಾಳು ಸೊಪ್ಪು ಹಾಕಿದ ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಹೊತ್ತು ಹೊಲಕ್ಕೆ ಹೋಗಿ, ಮೊದಲು ಬೆಳೆಯ ನಡುವೆ ಎಡೆಯನ್ನು ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆಮೇಲೆ ಬಂಧು ಬಳಗ, ದಾರಿಹೋಕರು, ಎಲ್ಲರೂ ಅಲ್ಲೇ ಕೂತು ಉಣ್ಣುತ್ತಾರೆ. ಒಕ್ಕಲುತನದ ಮುಸಲ್ಮಾನರೂ ಅವತ್ತು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಹೊಲವಿಲ್ಲದ ನಾವು ಕರೆದವರ ಹೊಲಕ್ಕೆ ಹೋಗುತ್ತಿದ್ದೆವು.

ದೇವಮ್ಮ ಬೇಡಿದ್ದು ಇಷ್ಟೇ: ಚರಗ ಚೆಲ್ಲುವ ತನಕ ಮಷಿನ್ ಇಳಿಸಬೇಡಿ. ಪರಿಹಾರದ ಮಾತನ್ನು ಅವಳು ಎತ್ತಲೇ ಇಲ್ಲ.

ಕಾಯ್ದೆಯ ಪ್ರಕಾರ ಕಂಪನಿಗೆ ಅವಳ ಒಪ್ಪಿಗೆಯೇ ಬೇಕಿರಲಿಲ್ಲ. ನೆಲದಡಿ ಪೈಪು ಹಾಕುವ ಹಕ್ಕು ಸರ್ಕಾರದಿಂದ ಆಗಲೇ ಬಂದಾಗಿತ್ತು. ಇದನ್ನು ಸರ್ ಅವಳ ಎದುರೇ ಹೇಳಿದರು. “ನಾ ಯಾವಾಗ ಬೇಕಾದ್ರೂ ಇಳೀಬಹುದು, ಆಯಿ. ಆದ್ರ ಹಂಗ ಮಾಡಂಗಿಲ್ಲ. ನೀನು ಚರಗ ಚೆಲ್ಲು, ಮರುದಿನ ನಾವು ಬರತೀವಿ.” ಆಮೇಲೆ ಹೊಲದಲ್ಲಿ ಮೊಣಕಾಲೂರಿ ಕೂತು ಕರಿಮಣ್ಣನ್ನು ಕೈಯಲ್ಲಿ ಹಿಡಿದು ತೋರಿಸಿದರು. ಮೇಲಿನ ಈ ಕರಿಮಣ್ಣನ್ನು ಒಂದು ಬದಿಗೆ ಬೇರೆಯಾಗಿ ಒಟ್ಟುತ್ತೇವೆ, ಕೆಳಗಿನ ಬಿಳಿ ಗರಸನ್ನು, ಏನೂ ಬೆಳೆಯದ ಕಲ್ಲುಮಣ್ಣನ್ನು, ಇನ್ನೊಂದು ಬದಿಗೆ. ಪೈಪು ಇಳಿಸಿದ ಮೇಲೆ ಮೊದಲು ಗರಸು, ಅದರ ಮೇಲೆ ಕರಿಮಣ್ಣು. ಹೇಗೆ ತೆಗೆದಿದ್ದೆವೋ ಹಾಗೇ. ದೇವಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳಿದಳು.

“ಹಾಸಿಗಿ ಎತ್ತಿ ಹಾಸಿದಂಗ ಅಂತೀರಿ.”

“ಹಂಗ, ಆಯಿ.”

ಅವಳು ನನ್ನ ಕಡೆ ನೋಡಿದಳು. “ನೀ ಏನಂತೀ?”

“ಸರ್ ಹೇಳಿದ್ರ ಆತು ಆಯಿ,” ಅಂದೆ. ಅಬ್ಬಾ ಬೇಡ ಅಂದಿದ್ದನ್ನೇ ನಾನು ಕೊಟ್ಟದ್ದು ಹೀಗೆ.

ಆಮೇಲೆ ಕೆಲಸವಿದ್ದರೂ ಇಲ್ಲದಿದ್ದರೂ ಆ ಊರಿಗೆ ಹೋಗುತ್ತಿದ್ದೆ. ದೇವಮ್ಮನಿಗೆ ಹೆಣ್ಣುಮಕ್ಕಳಿಲ್ಲ, ಭೀಮರಾಯ ಒಬ್ಬನೇ ಮಗ. ನನ್ನ ಕೂದಲಿಗೆ ಎಣ್ಣೆ ಸಾಲದು ಎಂದು ಹಿಡಿದು ಕೂರಿಸಿ ತಿಕ್ಕುತ್ತಿದ್ದಳು. ನನ್ನ ಕನ್ನಡವನ್ನು ಆಡಿಕೊಳ್ಳುತ್ತಿದ್ದಳು, “ಏನವ್ವ, ಸಾಲಿ ಮಾಸ್ತರ ಮಾತಾಡಿದಂಗ ಮಾತಾಡ್ತಿ.” ಸಜ್ಜೆ ರೊಟ್ಟಿ ಬಡಿಯಲು ಕಲಿಸಲು ಹೋಗಿ ನನ್ನ ರೊಟ್ಟಿ ನೋಡಿ, ಇದನ್ನ ಎಮ್ಮಿ ಮುಂದ ಹಾಕಿದ್ರ ಎಮ್ಮೀನೂ ಮೂಸಿ ನೋಡಂಗಿಲ್ಲ ಅಂದಳು. ಅಮಾವಾಸ್ಯೆ ಹತ್ತಿರ ಬಂದಾಗ ಸುತ್ತಲಿನವರನ್ನೆಲ್ಲ ಚರಗಕ್ಕೆ ಕರೆಯುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ.

“ಮತ್ತ ನನ್ನ ಕರಿಯಂಗಿಲ್ಲೇನು ಆಯಿ?”

“ಮನಿ ಮಗಳನ್ನ ಯಾರ ಕರೀತಾರ? ಹೊರಗಿನವ್ರನ್ನ ಕರೀತಾರ. ನೀ ಬರಬೇಕು, ಅಷ್ಟ.”

ನಾನು ಈ ಮಾತನ್ನು ಮನೆಗೆ ಬಂದು ಅಮ್ಮೀಗೆ ಹೇಳಿದೆ, ಜೀಪಿನಲ್ಲಿ ಸರ್‌ಗೂ ಹೇಳಿದೆ. ಅವರು ಮೆಚ್ಚಿ ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು, “ನಾನೂ ಬರಲೇನು ಊಟಕ್ಕ?” ಎಂದು ಕೇಳಿದರು. ಆದರೆ ಜೋಳದ ಹೊಲದಲ್ಲಿ ನೆರಳಿಲ್ಲ, ಅಲ್ಲಿಗೆ ಜೀಪು ಹೋಗುವುದಿಲ್ಲ, ತಮಗೆ ಸೊಂಟನೋವು. ಊಟವನ್ನು ಕಾಲುವೆ ಹೊಲದಲ್ಲಿ ಇಟ್ಟುಕೊಳ್ಳಬಹುದೇ ಎಂದು ಆಯಿಯನ್ನು ಕೇಳಿ ನೋಡು ಅಂದರು. ದೊಡ್ಡ ಮನುಷ್ಯರು ತಾವಾಗಿ ಊಟಕ್ಕೆ ಬರುತ್ತೇನೆ ಅಂದದ್ದೇ ನನಗೆ ಖುಷಿ. ಕೇಳಿದೆ.

ದೇವಮ್ಮ ಮುಖ ಸಿಂಡರಿಸಿದಳು. “ಬಸರಿ ಒಂದ ಕಡಿ, ಬಯಕಿ ಊಟ ಒಂದ ಕಡಿ ಏನವ್ವ?” ಆದರೆ ಬರುವವರು ಅತಿಥಿ. ಬರುವವರಿಗೆ ತೊಂದರೆ ಎಂದು ಕೇಳಿಯೂ ತನ್ನ ಹಟ ಸಾಧಿಸುವ ಹೆಂಗಸಲ್ಲ ಅವಳು. “ಆಗಲೇಳು. ಈ ವರ್ಷ ಅಲ್ಲೇ ಉಣ್ಣೋಣು. ಸಂಜಿಮುಂದ ಹೋಗಿ ಜೋಳದಾಗ ಚರಗ ಚೆಲ್ಲಿ ಬರೋಣು,” ಅಂದಳು. ಅವಳ ಮನೆಯಲ್ಲಿ ಹಿಂದೆಂದೂ ಹಾಗೆ ಮಾಡಿರಲಿಲ್ಲ.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಕಾಲುವೆ ಹೊಲದಲ್ಲಿ ಹಬ್ಬದ ಗದ್ದಲ. ಭತ್ತ ಕೊಯ್ದ ಕೂಳೆಯ ಮೇಲೆ ಚಾಪೆ, ಬೇವಿನ ಮರದ ನೆರಳು. ನೆಂಟರು ಇಷ್ಟರು ಮಕ್ಕಳು ಮರಿ ಎಲ್ಲ ಬಂದಿದ್ದರು. ಪಾಟೀಲ ಸರ್ ಬಿಳಿ ಅಂಗಿ ಹಾಕಿಕೊಂಡು ದೇವಮ್ಮನಿಗೊಂದು ಇಳಕಲ್ ಸೀರೆ ತಂದಿದ್ದರು. ಕೆಳಗೆ ಕೂತು ಊಟ ಮಾಡಿದರು, ಆಗ ಸೊಂಟನೋವು ನೆನಪಿಗೆ ಬಂದಂತೆ ಕಾಣಲಿಲ್ಲ. ಭಜ್ಜಿ ಪಲ್ಯವನ್ನು ಮತ್ತೆ ಕೇಳಿ ಹಾಕಿಸಿಕೊಂಡರು. ನಮ್ಮವ್ವ ಮಾಡಿದಂಗ ಆಗೇತಿ, ಆಯಿ ಎಂದರು. ದೇವಮ್ಮ ಸೆರಗಿನಿಂದ ಬೆವರೊರೆಸಿಕೊಂಡು ಇನ್ನೊಂದು ಕಡುಬು ಹಾಕಿದಳು. ನಡುವೆ ಒಮ್ಮೆ ಸರ್ ಫೋನು ಬಂತೆಂದು ಮರದ ಹಿಂದೆ ಹೋಗಿ ಮಾತಾಡಿ ಬಂದರು. “ಮನಿಯಿಂದ,” ಅಂದರು.

ಭೀಮರಾಯ ಬಡಿಸುತ್ತಿದ್ದವನು ಒಮ್ಮೆ ನಿಂತು ಕಿವಿಗೊಟ್ಟ. “ಗುಡ್ಡದ ಆಕಡಿ ಏನೋ ಸಪ್ಪಳ ಬರಾಕತ್ತದಲ್ರಿ?”

“ಕಲ್ಲಿನ ಕ್ವಾರಿ ಇರಬೇಕು,” ಎಂದರು ಸರ್, ಬೆರಳು ನೆಕ್ಕುತ್ತ. ಎಳ್ಳ ಅಮಾವಾಸ್ಯೆಯ ದಿನ ನಮ್ಮ ತಾಲ್ಲೂಕಿನಲ್ಲಿ ಯಾವ ಕ್ವಾರಿ ನಡೆಯುತ್ತದೆ? ಅಲ್ಲಿದ್ದ ಮಕ್ಕಳಿಗೂ ಅದು ಗೊತ್ತಿರಬೇಕು. ಆದರೆ ಹೊಟ್ಟೆ ತುಂಬಿತ್ತು, ಹೇಳಿದವರು ದೊಡ್ಡವರು. ಎಲ್ಲರೂ ಹೌದಿರಬೇಕು ಅಂದುಕೊಂಡೆವು. ಸ್ವಲ್ಪ ಹೊತ್ತಿನಲ್ಲಿ ಸರ್ ಎದ್ದು ಎಲ್ಲರಿಗೂ ಕೈಮುಗಿದರು. ನಾನೂ ಹೊರಟಾಗ, “ನೀ ಇರು. ಆಯಿ ಜೋಡಿ ಇದ್ದು ಚರಗ ಚೆಲ್ಲೇ ಬಾ,” ಎಂದು ಹೇಳಿ ಹೋದರು.

ಬಿಸಿಲು ಇಳಿದ ಮೇಲೆ ಹೊರಟೆವು. ದೇವಮ್ಮನ ತಲೆಯ ಮೇಲೆ ಚರಗದ ಬುಟ್ಟಿ, ಭೀಮರಾಯನ ಕೈಯಲ್ಲಿ ಅಂಬಲಿಯ ಗಡಿಗೆ, ಹಿಂದೆ ನಾನು. ಗುಡ್ಡದ ಮಗ್ಗುಲು ತಿರುಗುತ್ತಿದ್ದಂತೆ ಮೊದಲು ಕಂಡದ್ದು ಮಷಿನ್ನಿನ ಹಳದಿ ತೋಳು. ಅದು ಮೇಲೆದ್ದು, ತಿರುಗಿ, ಮಣ್ಣು ಚೆಲ್ಲಿ ಮತ್ತೆ ಕೆಳಗಿಳಿಯಿತು. ಪಕ್ಕದವರ ಹೊಲ ಇರಬೇಕು ಎಂದು ನಾನು ನನಗೇ ಹೇಳಿಕೊಂಡೆ. ಇನ್ನೂ ನಾಲ್ಕು ಹೆಜ್ಜೆ ಹೋದ ಮೇಲೆ ಹಾಗೆ ಹೇಳಿಕೊಳ್ಳುವುದಕ್ಕೂ ಆಗಲಿಲ್ಲ. ಹೊಡೆ ಕಟ್ಟಿದ ಎದೆಮಟ್ಟದ ಜೋಳ ಈ ಬದಿಯಿಂದ ಆ ಬದಿಯವರೆಗೆ ಅಗಲಕ್ಕೆ ಮಲಗಿತ್ತು. ನಡುವೆ ತಗ್ಗು. ಅವಸರದಲ್ಲಿ ಕರಿಮಣ್ಣು, ಬಿಳಿ ಗರಸು, ಜೋಳದ ದಂಟು ಎಲ್ಲವನ್ನೂ ಕಲಸಿ ಒಂದೇ ಗುಡ್ಡೆ ಹಾಕಿದ್ದರು.

ಭೀಮರಾಯ ಗಡಿಗೆಯನ್ನು ಕೆಳಗಿಟ್ಟು ಪಕ್ಕದ ಹೊಲದವರ ಕಡೆ ಓಡಿದ. ಅವರು ಪಾಪ, ಬೆಪ್ಪಾಗಿ ನಿಂತರು. “ನಾವು ನೋಡೀವಿ ತಮ್ಮ. ನಸೀಮಕ್ಕ ನಿಮ್ಮ ಜೋಡಿ ಕುಂತು ಉಣ್ಣಾಕತ್ತಾಳ ಅಂದ್ರು ಕಂಪನಿಯವ್ರು. ಮತ್ತ ನೀವು ಒಪ್ಪೀರಿ ಅಂತ ತಿಳಕೊಂಡ್ವಿ.”

ಮಷಿನ್ ನಿಲ್ಲಿಸಿ ಇಳಿದ ಬಿಹಾರದ ಇಬ್ಬರೂ ಅದನ್ನೇ ಹೇಳಿದರು. ಸಾಹೇಬರು ಮಧ್ಯಾಹ್ನ ಫೋನು ಮಾಡಿದ್ದರು, ಮನೆಯವರು ರಾಜಿಯಾಗಿದ್ದಾರೆ, ಅವರ ಜೊತೆಯಲ್ಲೇ ಊಟ ಮಾಡುತ್ತಿದ್ದೇನೆ, ಕತ್ತಲಾಗುವುದರೊಳಗೆ ಮುಗಿಸಿ ಅಂದಿದ್ದರಂತೆ. ಬೇವಿನ ಮರದ ಹಿಂದಿನ ಫೋನು ಯಾವುದೆಂದು ಆಗ ನನಗೆ ತಿಳಿಯಿತು.

ದೇವಮ್ಮ ಬೈಯಲಿಲ್ಲ. ಅವಳ ದೊಡ್ಡ ಗಂಟಲನ್ನು ಆಗ ಕೇಳಬೇಕೆಂದು ನಾನು ಎಷ್ಟು ಆಸೆಪಟ್ಟೆ! ಬುಟ್ಟಿಯನ್ನು ಇಳಿಸಿ, ತಗ್ಗಿನ ಅಂಚಿನಲ್ಲಿ ನಿಂತು ಒಳಗೆ ನೋಡಿದಳು. ಆಮೇಲೆ ಮಷಿನ್ನಿನವರ ಕಡೆ ಕೈಮಾಡಿ ಕೇಳಿದಳು, “ಇವ್ರು ಮುಂಜಾನಿಂದ ಏನರ ತಿಂದಾರೇನ ಕೇಳು.”

ಕೇಳಿದೆ. ತಿಂದಿರಲಿಲ್ಲ. ಊಟ ಕಳಿಸುತ್ತೇವೆ ಎಂದವರು ಕಳಿಸಿರಲಿಲ್ಲವಂತೆ.

ಚರಗದ ಬುಟ್ಟಿಯನ್ನು ಚೆಲ್ಲದೆ ವಾಪಸ್ಸು ಮನೆಗೆ ಹೊತ್ತೊಯ್ಯುವ ಹಾಗಿಲ್ಲ. ಅವಳು ಅಲ್ಲೇ ಕೂತು, ಬಯಕೆಯ ಊಟವನ್ನು ಅವರಿಬ್ಬರಿಗೆ ಬಡಿಸಿದಳು. “ಉಣ್ರಿಪಾ. ನಿಮ್ಮದೇನು ತಪ್ಪದ,” ಅಂದಳು. ಭಾಷೆ ತಿಳಿಯದಿದ್ದರೂ ಅವರು ತಲೆ ತಗ್ಗಿಸಿ ಉಂಡರು. ಸುಮ್ಮನೆ ನಿಲ್ಲಲಾರದೆ ನಾನು ರೊಟ್ಟಿ ಬಡಿಸಲೆಂದು ಬುಟ್ಟಿಗೆ ಕೈ ಹಾಕಿದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

“ನೀ ಬಿಡವ್ವ. ನಿಂದು ಅಲ್ಲೇ ಊಟ ಆಗ್ಯಾದಲ್ಲ.”

ಉಳಿದ ಒಂದು ಹಿಡಿಯನ್ನು ತಗ್ಗಿನೊಳಗೆ, ಬಿಳಿ ಗರಸಿನ ಮೇಲೆ ಹಾಕಿ, ಖಾಲಿ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ನಡೆದಳು. ಇಳಕಲ್ ಸೀರೆಯನ್ನು ಮರುದಿನ ಭೀಮರಾಯ ನಮ್ಮ ಆಫೀಸಿನ ಬಾಗಿಲಲ್ಲಿ ಇಟ್ಟು ಹೋಗಿದ್ದ.

ನಾನು ಆ ಬಾಗಿಲು ದಾಟಿ ಒಳಗೆ ಹೋದೆ. ಸರ್ ನನ್ನನ್ನು ನೋಡಿ ಕುರ್ಚಿ ತೋರಿಸಿದರು. ಕೂರಲಿಲ್ಲ. ಯಾಕೆ ಸರ್ ಎಂದು ಮಾತ್ರ ಕೇಳಿದೆ. ಅವರು ಸುಳ್ಳು ಹೇಳಬಹುದಿತ್ತು, ಮೇಲಿನವರ ಒತ್ತಡ ಅನ್ನಬಹುದಿತ್ತು. ಅದನ್ನು ನಾನು ಅರ್ಧವಾದರೂ ನಂಬುತ್ತಿದ್ದೆ. ಹಾಗನ್ನಲಿಲ್ಲ.

“ನೋಡು ನಸೀಮಾ, ಚರಗದ ದಿನ ಇಡೀ ಬಳಗ ಸೇರತೈತಿ. ಯಾವನರ ಒಬ್ಬ ಬ್ಯಾಡ ಅಂದಾ ಅಂದ್ರ ಎಲ್ಲಾರೂ ಬ್ಯಾಡ ಅಂತಾರ. ಮರುದಿನ ನಮಗ ಹೊಲದಾಗ ಕಾಲ ಇಡಾಕ ಬಿಡತಿದ್ದಿಲ್ಲ. ಅವ್ರು ಸೇರೂದು ಒಂದ ಕಡೆ ಆಗಬೇಕಿತ್ತು, ನಾವು ಇಳಿಯೂದು ಒಂದ ಕಡೆ.”

“ನನಗ ಯಾಕ ಹೇಳಲಿಲ್ಲ?”

ಅವರು ನಕ್ಕರು. ಪ್ರೀತಿಯ ನಗುವೇ. ಅದು ನನಗೆ ಈಗಲೂ ಉರಿಯುತ್ತದೆ. “ನಿನಗ ಹೇಳಿದ್ರ ನಿನ್ನ ಮುಖದಾಗ ಕಾಣತಿತ್ತು. ನಿನಗ ಸುಳ್ಳು ಬರಂಗಿಲ್ಲ. ಅದಕ್ಕ ಮಂದಿ ನಿನ್ನ ನಂಬತಾರ. ಅದು ನಿನ್ನ ದೊಡ್ಡ ಗುಣ.”

ಅಷ್ಟು ತಿಂಗಳು ನಕಾಶೆ ಓದಲು ಕಲಿಸಿದ್ದು, ಮೇಸ್ತ್ರಿಯ ಬಾಯಿ ಮುಚ್ಚಿಸಿದ್ದು, ಮನೆ ಮಗಳ ಮಾತು ಕೇಳಿ ಮೆಚ್ಚಿ ತಲೆಯಾಡಿಸಿದ್ದು, ಎಲ್ಲ ಆ ಒಂದು ಕ್ಷಣದಲ್ಲಿ ಬೇರೆಯೇ ಆಗಿ ಕಂಡಿತು. ನನ್ನನ್ನು ಬೆಳೆಸುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ನನ್ನನ್ನು ಮಸೆಯುತ್ತಿದ್ದರು. ಗುರುತಿನ ಚೀಟಿಯನ್ನೂ ಹೆಲ್ಮೆಟ್ಟನ್ನೂ ಮೇಜಿನ ಮೇಲಿಟ್ಟು ಬಂದೆ. ಹೊಸಬಳು, ಸಿಟ್ಟು ಇಳಿದ ಮೇಲೆ ಬರುತ್ತಾಳೆ ಎಂದು ಅವರು ಯಾರಿಗೋ ಹೇಳಿದ್ದು ಮೆಟ್ಟಿಲ ಮೇಲೆ ಕೇಳಿಸಿತು.

ದೇವಮ್ಮನ ಮನೆಗೆ ಎರಡು ಸಲ ಹೋದೆ. ನನಗೆ ಗೊತ್ತಿರಲಿಲ್ಲ ಆಯಿ ಅಂದೆ. ಗೊತ್ತಿರಲಿಲ್ಲ ಎಂಬುದನ್ನು ತೋರಿಸಿಕೊಡುವುದು ಹೇಗೆ? ಊಟದ ಜಾಗ ಬದಲಿಸಲು ಕೇಳಿದವಳು ನಾನು. ಅವರ ಜೊತೆ ಕೂತು ಉಂಡವಳು ನಾನು. ಹೆಚ್ಚು ಹೇಳಿದಷ್ಟೂ ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿಸತೊಡಗಿತು. ಅವಳು ಒಲೆಯ ಮುಂದಿನಿಂದ ತಿರುಗಲೇ ಇಲ್ಲ. ಎರಡನೇ ಸಲ ಭೀಮರಾಯ ನನ್ನನ್ನು ಬಸ್ಸಿನವರೆಗೆ ಬಿಟ್ಟು, “ಇನ್ನ ಬರಬ್ಯಾಡ್ರಿ ಅಕ್ಕಾರ. ನೀವು ಬಂದು ಹೋದಮ್ಯಾಲೆ ಅವ್ವ ಅಳತಾಳ,” ಅಂದ.

ಪೈಪು ಹೂತರು, ಗುರುತಿನ ಹಳದಿ ಕಂಬ ನೆಟ್ಟರು, ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷೆ ಮಾಡಿದರು. ಗ್ಯಾಸು ಹರಿದ ದಿನ ಯಾದಗಿರಿಯಲ್ಲಿ ಸಮಾರಂಭವಾಯಿತು. ಪಾಟೀಲ ಸರ್‌ಗೆ ಶಾಲು ಹೊದಿಸುವ ಚಿತ್ರ ಯಾರೋ ನನ್ನ ಫೋನಿಗೆ ಕಳಿಸಿದ್ದರು. ಕಾರ್ಖಾನೆ ನಡೆಯುತ್ತಿದೆ, ಕರೆಂಟು ಎಲ್ಲಿಗೋ ಹೋಗುತ್ತಿದೆ. ನಮ್ಮ ಹಳ್ಳಿಗಳಲ್ಲಿ ವೋಲ್ಟೇಜು ಈಗಲೂ ಏರುತ್ತದೆ, ಬೀಳುತ್ತದೆ, ಮೋಟಾರುಗಳು ಸುಡುತ್ತಲೇ ಇವೆ. ಅಮ್ಮೀ ಹೆದರಬೇಕಾಗಿರಲಿಲ್ಲ.

ಕಳೆದ ತಿಂಗಳು ಸ್ಟೂಲಿನ ಮೇಲೆ ಕೂತ ಆ ಮನುಷ್ಯನಿಗೆ ನಾನು ಇದಾವುದನ್ನೂ ಹೇಳಲಿಲ್ಲ. ಚಹಾ ತರಿಸಿದೆ. ಯಾವಾಗ ಇಳಿಯುವುದು ಎಂದು ಕೇಳಿದೆ. “ಈ ಸಲಾನೂ ಎಳ್ಳಮಾಸಿ ಹೊತ್ತಿಗೇನ ಬಂದೈತಿ ನೋಡು,” ಎಂದು ನಕ್ಕರು. ನೋಡೋಣ ಸರ್ ಅಂದೆ. ಅವರು ತಮ್ಮ ಹೊಸ ನಂಬರು ಕೊಟ್ಟು ಹೋದರು. ವಾಸನೆ ಮಾತ್ರ ಸಂಜೆಯವರೆಗೂ ಅಂಗಡಿಯಲ್ಲೇ ಉಳಿಯಿತು.

ಮರುದಿನ ಅಂಗಡಿ ಮುಚ್ಚಿ ಬಸ್ಸು ಹತ್ತಿದೆ. ಯಾರನ್ನೂ ಒಪ್ಪಿಸಲು ಅಲ್ಲ. ಇನ್ನೊಂದು ಸಲ ಅವಳಿಗೆ ಗೊತ್ತಿಲ್ಲದೆ ಏನೂ ಆಗಬಾರದು, ಅಷ್ಟೇ. ಗುಡ್ಡದ ಮಗ್ಗುಲು ತಿರುಗಿದಾಗ ಜೋಳದ ಹೊಲ ಕಂಡಿತು. ಮೊಣಕಾಲೆತ್ತರದ ಹಸಿರು, ನಡುವೆ ಈ ಬದಿಯಿಂದ ಆ ಬದಿಗೆ ಬೈತಲೆ ತೆಗೆದಂತೆ ಒಂದು ಪಟ್ಟಿ. ಅಲ್ಲಿ ಪೈರು ಗೇಣುದ್ದ, ಅದೂ ಹಳದಿ. ಗರಸು ಮೇಲೆ ಬಂದ ನೆಲ ಇಷ್ಟು ವರ್ಷವಾದರೂ ಸುಧಾರಿಸಿಕೊಂಡಿರಲಿಲ್ಲ.

ದೇವಮ್ಮ ಆ ಪಟ್ಟಿಯಲ್ಲೇ ಕೂತು ಕಳೆ ಕೀಳುತ್ತಿದ್ದಳು. ಇನ್ನೂ ಸಣ್ಣಗಾಗಿದ್ದಳು. ಹಣೆಗೆ ಕೈ ಅಡ್ಡ ಹಿಡಿದು, “ಯಾರದು?” ಅಂದಳು.

“ನಾನು ಆಯಿ. ನಸೀಮಾ.”

ಅವಳು ಮತ್ತೆ ಕಳೆಗೆ ಬಗ್ಗಿದಳು. ಹೋಗು ಅನ್ನಲಿಲ್ಲ, ಬಾ ಅನ್ನಲಿಲ್ಲ. ನಾನು ನಿಂತಲ್ಲೇ ನಿಂತು ಹೇಳಬೇಕಾದದ್ದನ್ನು ಹೇಳಿದೆ. “ಇನ್ನೊಂದ ಪೈಪ್ ಯಾವಾಗ ತರತಾರಂತ ಗೊತ್ತಾತು ಆಯಿ. ಇದರ ಬಾಜೂಕನ. ಎಳ್ಳಮಾಸಿ ಹೊತ್ತಿಗೆ. ನಿನ್ನ ಒಪ್ಪಸಾಕ ನನ್ನ ಕೇಳ್ಯಾರ. ನಾ ಅದಕ್ಕ ಬಂದಿಲ್ಲ. ಅವ್ರು ಯಾವಾಗ ಬರತಾರಂತ ಹೇಳಾಕ ಬಂದೀನಿ.”

ಕಳೆ ಕೀಳುವ ಕುರ್ಪಿ ಮಣ್ಣು ಕೆರೆಯುವ ಸದ್ದು ನಿಂತಿತು.

“ಆ ದಿನಾನೂ ನನಗ ಗೊತ್ತಿರಲಿಲ್ಲ ಆಯಿ.”

“ಅದನ್ನ ಆಗಲೇ ಹೇಳೀದಿ,” ಅಂದಳು. ಆ ಧ್ವನಿಯಲ್ಲಿ ಸಿಟ್ಟಿತ್ತೋ ಸಮಾಧಾನವಿತ್ತೋ, ಎಷ್ಟು ತಡಕಾಡಿದರೂ ನನಗೆ ಸಿಗಲಿಲ್ಲ. ಅವಳು ಎದ್ದು, ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡಳು. “ಫೋನ್ ಹಚ್ಚು ಅವಗ.”

ಹಚ್ಚಿ ಕೊಟ್ಟೆ. ಅವಳು ಅದನ್ನು ಬಾಯಿಯ ಮುಂದೆ ಹಿಡಿದು, ಗುಡ್ಡದಾಚೆಗೂ ಕೇಳುವಂತೆ ಮಾತಾಡಿದಳು. ಆ ದೊಡ್ಡ ಗಂಟಲು ಹಾಗೇ ಇತ್ತು.

“ಸಾಹೇಬ್ರ, ನಾ ದೇವಮ್ಮ ಮಾತಾಡತೀನ್ರಿ. ಎಳ್ಳಮಾಸಿಗೆ ಚರಗದ ಊಟಕ್ಕ ಬರ್ರಿ. ಈ ಸಲ ಕಾಲುವಿ ಹೊಲದಾಗ ಅಲ್ರಿ. ಜೋಳದ ಹೊಲದಾಗ, ನಿಮ್ಮ ಪೈಪಿನ ಮ್ಯಾಲೇ ಚಾಪಿ ಹಾಸತೀವಿ. ಊರ ಮಂದಿ ಎಲ್ಲಾ ಇರತಾರ. ಮಷಿನ್ ಓಡಸೋರನ್ನೂ ಕರಕೊಂಡ ಬರ್ರಿ, ಉಪಾಸ ಕೆಡವಬ್ಯಾಡ್ರಿ. ಎಲ್ಲಾರೂ ಉಂಡಮ್ಯಾಲೆ, ಎಲ್ಲಾರ ಮುಂದ, ಏನ ಮಾತಾಡೂದದ ಮಾತಾಡ್ರಿ.”

ಆ ಕಡೆಯಿಂದ ಏನು ಬಂತೋ ಕೇಳಲಿಲ್ಲ. ಅವಳು ಫೋನನ್ನು ನನ್ನ ಕೈಗೆ ಕೊಟ್ಟು, ಮತ್ತೆ ಕೂತು ಕುರ್ಪಿ ಎತ್ತಿಕೊಂಡಳು.

ನಾನು ಕಾದೆ. ನೀನೂ ಬಾ ಎಂದು ಹೇಳುತ್ತಾಳೆ ಎಂದು ಕಾದೆ. ಬಿಸಿಲೇರಿತು. ನನ್ನ ನೆರಳು ಅವಳ ಕೈಯ ಹತ್ತಿರ ಬಿದ್ದಿತ್ತು. ಅವಳು ಅದರ ಸುತ್ತಲಿನ ಕಳೆಯನ್ನು ಕೀಳುತ್ತ ಮುಂದೆ ಸಾಗಿದಳು. ಕೊನೆಗೆ ಬರುತ್ತೇನೆ ಆಯಿ ಎಂದು ಹೇಳಿ ಹೊರಟೆ. ಹೂಂ ಅಂದಳು.

ಹೊರಗಿನವರನ್ನು ಕರೀತಾರೆ, ಮನೆ ಮಗಳನ್ನು ಯಾರು ಕರೀತಾರೆ ಎಂದಿದ್ದಳು ಒಂದು ಕಾಲಕ್ಕೆ. ಆ ದಿನ ಪಾಟೀಲರನ್ನು ಕರೆದಳು, ನನ್ನನ್ನು ಕರೆಯಲಿಲ್ಲ. ಮಗಳಾದ್ದರಿಂದ ಕರೆಯಲಿಲ್ಲವೋ, ಬರಬೇಡವೆಂದು ಕರೆಯಲಿಲ್ಲವೋ? ಮೊದಲಾಗಿದ್ದರೆ ಇದು ಕೇಳುವ ಪ್ರಶ್ನೆಯೇ ಅಲ್ಲ. ಹೊಲದ ಮಣ್ಣು ಕೆಡಿಸಿದ್ದು ಎಲ್ಲರಿಗೂ ಕಾಣುತ್ತದೆ, ಗುಡ್ಡದ ಮಗ್ಗುಲಿನಿಂದಲೇ ಕಾಣುತ್ತದೆ. ಆ ಮನುಷ್ಯ ನನ್ನಿಂದ ಕಸಿದುಕೊಂಡದ್ದು ಇದು, ಇದು ಯಾರಿಗೂ ಕಾಣುವುದಿಲ್ಲ: ದೇವಮ್ಮ ಸುಮ್ಮನಿದ್ದರೆ ಅದರ ಅರ್ಥ ನನಗೆ ತಿಳಿಯುತ್ತಿತ್ತು. ಈಗ ತಿಳಿಯುವುದಿಲ್ಲ. ಅಮಾವಾಸ್ಯೆ ಮುಂದಿನ ವಾರ. ಅಮ್ಮೀ ಬೆಳಿಗ್ಗೆಯಿಂದ ಕೇಳುತ್ತಿದ್ದಾಳೆ, ಹೋಗುತ್ತೀಯೋ ಇಲ್ಲವೋ ಎಂದು.